ಕುರಿಯ ಪ್ಲಾಸ್ಮಾಕ್ಕೆ ಕಾಣದ ಕಲಬೆರಕೆ: 2008ರ ಹೆಪಾರಿನ್ ಪ್ರಕರಣ

2007ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಮಕ್ಕಳ ಆಸ್ಪತ್ರೆಗೆ ಡಯಾಲಿಸಿಸ್‌ಗೆಂದು ಬಂದಿದ್ದ ಮಕ್ಕಳಲ್ಲಿ ಕೆಲವರಿಗೆ, ಚಿಕಿತ್ಸೆ ಆರಂಭವಾದ ಕೆಲವೇ ನಿಮಿಷಗಳಲ್ಲಿ ಮುಖ ಊದಿಕೊಂಡು, ಎದೆಬಡಿತ ಏರಿ, ರಕ್ತದೊತ್ತಡ ಕುಸಿಯಿತು. ಅಲರ್ಜಿಯಂತೆ ತೋರುವ ಇಂಥ ಪ್ರತಿಕ್ರಿಯೆ ಡಯಾಲಿಸಿಸ್ ಘಟಕಗಳಿಗೆ ತೀರ ಅಪರಿಚಿತವೇನಲ್ಲ. ಯಂತ್ರದ ಫಿಲ್ಟರಾಗಲಿ, ಕೊಳವೆಗಳಾಗಲಿ, ಅವನ್ನು ಕ್ರಿಮಿಮುಕ್ತಗೊಳಿಸಲು ಬಳಸಿದ ರಾಸಾಯನಿಕವಾಗಲಿ ಕಾರಣವಾಗಿರುವ ಸಾಧ್ಯತೆ ಇದ್ದುದರಿಂದ ಮೊದಲ ಅನುಮಾನ ಉಪಕರಣಗಳ ಮೇಲೆಯೇ ಹೋಯಿತು. ಜನವರಿಯಲ್ಲಿ ಅದೇ ಲಕ್ಷಣಗಳು ಮರುಕಳಿಸಿದಾಗ ಆಸ್ಪತ್ರೆಯವರು ರಾಜ್ಯದ ಆರೋಗ್ಯ ಇಲಾಖೆಗೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಗೂ ವಿಷಯ ಮುಟ್ಟಿಸಿದರು.

ಸಿಡಿಸಿಯ ತನಿಖಾಧಿಕಾರಿಗಳು ಬೇರೆ ರಾಜ್ಯಗಳ ಡಯಾಲಿಸಿಸ್ ಕೇಂದ್ರಗಳನ್ನು ವಿಚಾರಿಸುತ್ತ ಹೋದಂತೆ ಪ್ರಕರಣ ಹರಡಿಕೊಂಡಿರುವ ಅಗಲ ತಿಳಿಯಿತು. 2007ರ ನವೆಂಬರ್ 19ರಿಂದ 2008ರ ಜನವರಿ 31ರವರೆಗೆ 13 ರಾಜ್ಯಗಳ 113 ರೋಗಿಗಳಲ್ಲಿ ಇಂಥ 152 ಪ್ರತಿಕ್ರಿಯೆಗಳು ಲೆಕ್ಕಕ್ಕೆ ಸಿಕ್ಕವು. ತೊಂದರೆ ಕಂಡ ಕೇಂದ್ರಗಳನ್ನೂ ಕಾಣದ ಕೇಂದ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಯಂತ್ರ, ಫಿಲ್ಟರ್, ನೀರು ಯಾವುದೂ ಅವನ್ನು ಸ್ಪಷ್ಟವಾಗಿ ಬೇರ್ಪಡಿಸಲಿಲ್ಲ. ಬೇರ್ಪಡಿಸಿದ್ದು ಬ್ಯಾಕ್ಸ್‌ಟರ್ ಕಂಪನಿಯ ಹೆಪಾರಿನ್, ಅಂದರೆ ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಔಷಧ. ತೊಂದರೆ ಕಂಡ ಪ್ರತಿಯೊಂದು ಕೇಂದ್ರದಲ್ಲೂ ಅದು ಬಳಕೆಯಲ್ಲಿತ್ತು, ಕಾಣದ ಕೇಂದ್ರಗಳಲ್ಲಿ ನೂರಕ್ಕೆ ಐದರಷ್ಟೂ ಇರಲಿಲ್ಲ. ಜನವರಿ 17ರಂದು ಕಂಪನಿ ತನ್ನ ಒಂಬತ್ತು ಬ್ಯಾಚ್‌ಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಿತು. ಫೆಬ್ರವರಿಯ ಕೊನೆಗೆ ಉಳಿದ ಬಹುಪಾಲನ್ನೂ ಹಿಂಪಡೆಯಬೇಕಾಯಿತು.

ಆದರೆ ಹಿಂಪಡೆದ ಆ ಸೀಸೆಗಳನ್ನು ಆಗಿನ ನಿಯಮದಂತೆ ಪರೀಕ್ಷಿಸಿದರೆ ಅವೆಲ್ಲವೂ ಪಾಸಾಗುತ್ತಿದ್ದವು. ಈ ಪ್ರಕರಣದಲ್ಲಿ ಅಧ್ಯಯನಕ್ಕೆ ಯೋಗ್ಯವಾದ ಸಂಗತಿ, ನನ್ನ ಅಭಿಪ್ರಾಯದಲ್ಲಿ, ಇದೇ. ಔಷಧವು ಮಾಡುವ ಕೆಲಸವನ್ನು ಅಳೆಯುವ ಪರೀಕ್ಷೆ ಬೇರೆ, ಔಷಧ ಯಾವ ಅಣುವೆಂದು ಗುರುತಿಸುವ ಪರೀಕ್ಷೆ ಬೇರೆ. ಎಪ್ಪತ್ತು ವರ್ಷಗಳ ಕಾಲ ಜಗತ್ತು ಮೊದಲನೆಯದನ್ನೇ ನೆಚ್ಚಿಕೊಂಡಿತ್ತು.

ಔಷಧ ಮತ್ತು ಅದರ ಮೂಲ

ಹೆಪಾರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಹೋವೆಲ್ ಅವರ ಪ್ರಯೋಗಾಲಯದ ವಿದ್ಯಾರ್ಥಿ ಜೇ ಮೆಕ್ಲೀನ್ ನಡೆಸಿದ ಪ್ರಯೋಗಗಳಿಂದ ಇದರ ಚರಿತ್ರೆ ಆರಂಭವಾಗುತ್ತದೆ. 1930ರ ದಶಕದಲ್ಲಿ ಕೆನಡಾದ ಟೊರಾಂಟೊ ಮತ್ತು ಸ್ವೀಡನ್ನಿನ ಸ್ಟಾಕ್‌ಹೋಮ್‌ಗಳಲ್ಲಿ ಅದು ಮನುಷ್ಯರಿಗೆ ಕೊಡಬಹುದಾದಷ್ಟು ಶುದ್ಧ ರೂಪಕ್ಕೆ ಬಂತು. ಕಾಲಿನ ಅಭಿಧಮನಿಗಳಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹರಿದುಬಂದಾಗ, ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಯಂತ್ರದ ಮೂಲಕ ಹಾದುಹೋಗಬೇಕಾದಾಗ, ಡಯಾಲಿಸಿಸ್‌ನಲ್ಲಿ, ಮೆದುಳಿನಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳೇ ಹೆಪ್ಪಿನಿಂದ ಮುಚ್ಚಿಹೋಗುವ ಬಗೆಯ ಪಾರ್ಶ್ವವಾಯುವಿನಲ್ಲಿ ಇದು ಇಂದಿಗೂ ಬಳಕೆಯಲ್ಲಿರುವ ಮುಖ್ಯ ಮದ್ದು. ಈ ಕೊನೆಯ ಕಾಯಿಲೆ ನಮ್ಮಲ್ಲಿ ಬಾಣಂತಿಯರನ್ನು ಹೆಚ್ಚಾಗಿ ಕಾಡಿದ್ದರಿಂದ ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರು ಅದರ ಬಗ್ಗೆ ಬಹುಕಾಲ ಕೆಲಸ ಮಾಡಿದ್ದಾರೆ.

ರಾಸಾಯನಿಕವಾಗಿ ಹೆಪಾರಿನ್ ಒಂದೇ ಅಣುವಲ್ಲ. ಎರಡು ಬಗೆಯ ಸಕ್ಕರೆ ಘಟಕಗಳು, ಅಂದರೆ ಗ್ಲುಕೋಸಮೈನ್ ಮತ್ತು ಯುರಾನಿಕ್ ಆಮ್ಲ, ಒಂದಾದ ಮೇಲೊಂದರಂತೆ ಕೊಂಡಿ ಕೂಡಿ ಉದ್ದವಾದ ಸರಪಳಿಗಳಾಗುತ್ತವೆ. ಆ ಸರಪಳಿಗಳ ಉದ್ದ ಒಂದೇ ಸಮನಾಗಿರುವುದಿಲ್ಲ, ಅವುಗಳ ಮೇಲೆ ಸಲ್ಫೇಟ್ ಗುಂಪುಗಳು ಕುಳಿತಿರುವ ಜಾಗಗಳೂ ಒಂದೇ ಆಗಿರುವುದಿಲ್ಲ. ಕೆಲವು ಸರಪಳಿಗಳಲ್ಲಿ ಮಾತ್ರ ಐದು ಸಕ್ಕರೆಗಳ ಒಂದು ನಿರ್ದಿಷ್ಟ ಜೋಡಣೆ ಇರುತ್ತದೆ. ಅದು ರಕ್ತದಲ್ಲಿರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿಗೆ ಸರಿಯಾಗಿ ಕೂಡಿಕೊಂಡು, ಹೆಪ್ಪುಗಟ್ಟಿಸುವ ಥ್ರಾಂಬಿನ್ ಮತ್ತು ಫ್ಯಾಕ್ಟರ್ 10ಎ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುವ ಅದರ ವೇಗವನ್ನು ಸಾವಿರ ಪಟ್ಟಿನ ಆಸುಪಾಸಿಗೆ ಏರಿಸುತ್ತದೆ. ಇಂಥ ಮಿಶ್ರಣವನ್ನು ಕಾರ್ಖಾನೆಯಲ್ಲಿ ಮೊದಲಿನಿಂದ ಕಟ್ಟುವ ದಾರಿ ಇಲ್ಲದ್ದರಿಂದ ಅದನ್ನು ಪ್ರಾಣಿಗಳ ದೇಹದಿಂದಲೇ ತೆಗೆಯಬೇಕಾಯಿತು. ಮೊದಲು ದನಗಳಿಂದಲೂ ತೆಗೆಯುತ್ತಿದ್ದರು. ದನಗಳಲ್ಲಿ ಹುಚ್ಚು ಹಸು ರೋಗ ಕಾಣಿಸಿಕೊಂಡ ಮೇಲೆ 1990ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿನ ಮಾರುಕಟ್ಟೆಗಳು ಹಂದಿಯ ಕರುಳಿಗೆ ಸೀಮಿತವಾದವು.

ಹಂದಿ ಕಡಿಯುವ ಕಡೆ ಸಾಸೇಜ್‌ನ ಹೊದಿಕೆಗೆಂದು ಕರುಳನ್ನು ಶುಚಿಮಾಡುವಾಗ ಒಳಪದರ ಕೆರೆದು ಬರುವ ಲೋಳೆಯೇ ಇದರ ಕಚ್ಚಾವಸ್ತು. ಆ ಲೋಳೆಯನ್ನು ಉಪ್ಪುನೀರಿನಲ್ಲಿ, ಪ್ರೋಟೀನು ಕರಗಿಸುವ ಕಿಣ್ವ ಸೇರಿಸಿ ಬಿಸಿಮಾಡಿ, ಸೋಸಿ, ರಾಳದ ಹರಳುಗಳ ಮೇಲೆ ಹಿಡಿದಿಟ್ಟು, ಮತ್ತೆ ಉಪ್ಪಿನಿಂದ ಬಿಡಿಸಿ, ಆಲ್ಕೋಹಾಲಿನಿಂದ ಒತ್ತರಿಸಿದರೆ ಕಂದು ಛಾಯೆಯ ಪುಡಿ ಸಿಗುತ್ತದೆ. ಒಂದು ಕಿಲೋ ಹೆಪಾರಿನ್‌ಗೆ ಸಾವಿರಕ್ಕೂ ಹೆಚ್ಚು ಹಂದಿಗಳು ಬೇಕು. ಜಗತ್ತಿನ ಹಂದಿಗಳಲ್ಲಿ ಅರ್ಧದಷ್ಟು ಚೀನಾದಲ್ಲೇ ಇದ್ದುದರಿಂದ ಕಚ್ಚಾ ಹೆಪಾರಿನ್‌ನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತು. ಸಣ್ಣ ಸಣ್ಣ ಕಾರ್ಯಾಗಾರಗಳಲ್ಲಿ ತಯಾರಾದ ಪುಡಿಯನ್ನು ದಲ್ಲಾಳಿಗಳು ಒಟ್ಟುಮಾಡಿ ಮುಂದಿನ ಹಂತದ ಶುದ್ಧೀಕರಣ ಘಟಕಗಳಿಗೆ ಕೊಡುತ್ತಿದ್ದರು. ಬ್ಯಾಕ್ಸ್‌ಟರ್‌ಗೆ ಬಂದದ್ದು ಜಿಯಾಂಗ್ಸು ಪ್ರಾಂತದ ಚಾಂಗ್‌ಝೌ ನಗರದ ಘಟಕದಿಂದ. ಅದರ ಮಾತೃ ಸಂಸ್ಥೆ ವಿಸ್ಕಾನ್ಸಿನ್‌ನ ಸೈಂಟಿಫಿಕ್ ಪ್ರೋಟೀನ್ ಲ್ಯಾಬೊರೇಟರೀಸ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಘಟಕಕ್ಕೆ ಪರವಾನಗಿ ಕೊಡುವ ಮೊದಲು ಒಮ್ಮೆಯೂ ತಪಾಸಣೆ ಮಾಡಿರಲಿಲ್ಲ; ಹೆಸರಿನಲ್ಲಿ ಹೋಲಿಕೆಯಿದ್ದ ಬೇರೊಂದು ಘಟಕದ ಕಡತವನ್ನು ಇದರದೆಂದು ಭಾವಿಸಲಾಗಿತ್ತು ಎಂಬುದು ಆಮೇಲೆ ಹೊರಬಂತು.

2006 ಮತ್ತು 2007ರಲ್ಲಿ ಚೀನಾದ ಹಂದಿಗಳಿಗೆ ನೀಲಿಕಿವಿ ರೋಗ ಬಡಿದು, ಕರುಳಿನ ಪೂರೈಕೆ ಕುಗ್ಗಿ, ಕಚ್ಚಾ ಹೆಪಾರಿನ್‌ನ ಬೆಲೆ ಏರಿತು. ಕಲಬೆರಕೆಗೆ ಇದಕ್ಕಿಂತ ಅನುಕೂಲವಾದ ಕಾಲ ಇನ್ನೊಂದಿರಲಿಲ್ಲ.

ಹಳೆಯ ಪರೀಕ್ಷೆ

ಔಷಧಗಳ ಗುಣಮಟ್ಟದ ನಿಯಮಗಳನ್ನು ಬರೆದಿಡುವ ಅಧಿಕೃತ ಗ್ರಂಥವಾದ ಅಮೆರಿಕದ ಔಷಧಕೋಶ ನಿಗದಿಪಡಿಸಿದ್ದ ಸಾಮರ್ಥ್ಯ ಪರೀಕ್ಷೆ ಸರಳವಾದದ್ದು. ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿಟ್ಟ ಕುರಿಯ ಪ್ಲಾಸ್ಮಾವನ್ನು ಸಾಲಾಗಿ ನಿಲ್ಲಿಸಿದ ಗಾಜಿನ ನಳಿಕೆಗಳಿಗೆ ಹಾಕಿ, ಒಂದೊಂದಕ್ಕೆ ಒಂದೊಂದು ಪ್ರಮಾಣದಲ್ಲಿ ಹೆಪಾರಿನ್ ಸೇರಿಸಿ, ಕೊನೆಗೆ ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಕೊಟ್ಟು, ಒಂದು ಗಂಟೆಯ ನಂತರ ಯಾವ ನಳಿಕೆ ಎಷ್ಟು ಹೆಪ್ಪುಗಟ್ಟಿದೆ ಎಂದು ಕಣ್ಣಿನಿಂದ ನೋಡಿ ಬರೆದುಕೊಳ್ಳುವುದು. ಗುಣಮಟ್ಟ ಗೊತ್ತಿರುವ ಹೆಪಾರಿನ್ ಜೊತೆ ಹೋಲಿಸಿ ಯೂನಿಟ್ ಲೆಕ್ಕ ಹಾಕಲಾಗುತ್ತಿತ್ತು. ಈಗ ಹಿಂದಿರುಗಿ ನೋಡಿ ಇದನ್ನು ಹೀಗಳೆಯುವುದು ಸುಲಭ. ಆದರೆ ಪ್ರತಿ ಬ್ಯಾಚ್‌ನಲ್ಲೂ ರಚನೆ ಅಷ್ಟಿಷ್ಟು ಬದಲಾಗುವ, ಸೂತ್ರವೊಂದರಲ್ಲಿ ಬರೆದಿಡಲಾಗದ ಜೈವಿಕ ವಸ್ತುವನ್ನು ಅದರ ಕೆಲಸದಿಂದ ಅಳೆಯುವುದು 1930ರ ದಶಕದಲ್ಲಿ ವಿವೇಕದ ದಾರಿಯೇ ಆಗಿತ್ತು. ನಮ್ಮ ಹಳ್ಳಿಯ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಹಾಲಿನ ಸಾಂದ್ರತೆಯನ್ನಷ್ಟೇ ಹೇಳುತ್ತದೆ. ನೀರು ಬೆರೆಸಿದವನು ಸ್ವಲ್ಪ ಸಕ್ಕರೆಯನ್ನೂ ಕದಡಿದರೆ ಅದಕ್ಕೆ ತಿಳಿಯುವುದಿಲ್ಲ. ಕುರಿಯ ಪ್ಲಾಸ್ಮಾದ ಪರೀಕ್ಷೆಯ ಮಿತಿಯೂ ಅಂಥದ್ದೇ. ಹೆಪ್ಪುಗಟ್ಟುವುದನ್ನು ತಡೆಯುವ ಬೇರಾವ ವಸ್ತು ಸೇರಿದ್ದರೂ ಅದು ಹೆಪಾರಿನ್‌ನ ಲೆಕ್ಕಕ್ಕೇ ಜಮೆಯಾಗುತ್ತಿತ್ತು.

ರೋಹಿತದಲ್ಲಿ ಕಂಡ ಶಿಖರ

ಎಫ್‌ಡಿಎ 2008ರ ಮಾರ್ಚ್ 5ರಂದು, ತೊಂದರೆ ಕೊಟ್ಟ ಹೆಪಾರಿನ್‌ನಲ್ಲಿ ಹೆಪಾರಿನ್‌ನಂತೆಯೇ ತೋರುವ ಬೇರೊಂದು ವಸ್ತು ಇದೆಯೆಂದು ಪ್ರಕಟಿಸಿತು. ಅದು ಯಾವುದೆಂದು ನಿರ್ಧರಿಸುವ ಕೆಲಸದಲ್ಲಿ ಎಫ್‌ಡಿಎಯ ಪ್ರಯೋಗಾಲಯಗಳ ಜೊತೆಗೆ ಮಿಲಾನ್‌ನ ರೋಂಜೋನಿ ಸಂಸ್ಥೆ, ನ್ಯೂಯಾರ್ಕ್ ರಾಜ್ಯದ ರೆನ್ಸೆಲೇರ್ ಪಾಲಿಟೆಕ್ನಿಕ್‌ನ ರಾಬರ್ಟ್ ಲಿನ್‌ಹಾರ್ಟ್, ಎಂಐಟಿಯ ರಾಮ್ ಶಶಿಶೇಖರನ್ ತೊಡಗಿಕೊಂಡರು. ಶಶಿಶೇಖರನ್ ಬೆಂಗಳೂರು ವಿಶ್ವವಿದ್ಯಾಲಯದ ಪದವೀಧರರು. ಹೆಪಾರಿನ್ ಸರಪಳಿಯನ್ನು ತುಂಡರಿಸುವ ಹೆಪಾರಿನೇಸ್ ಕಿಣ್ವಗಳ ಮೇಲೆ ಅದಕ್ಕೂ ಹದಿನೈದು ವರ್ಷ ಮೊದಲಿನಿಂದ ಕೆಲಸ ಮಾಡಿದ್ದವರು.

ಇವರಿಗೆ ನೆರವಾದ ಮುಖ್ಯ ಸಾಧನ ಎನ್‌ಎಂಆರ್, ಅಂದರೆ ಬಲವಾದ ಕಾಂತಕ್ಷೇತ್ರದಲ್ಲಿಟ್ಟ ಅಣುವಿನ ಹೈಡ್ರೋಜನ್ ಪರಮಾಣುಗಳು ತಮ್ಮ ಸುತ್ತಲಿನ ರಚನೆಗೆ ಅನುಗುಣವಾಗಿ ಬೇರೆ ಬೇರೆ ಜಾಗಗಳಲ್ಲಿ ಸಂಕೇತ ಕೊಡುವುದನ್ನು ರೋಹಿತವೆಂಬ ನಕ್ಷೆಯಾಗಿ ದಾಖಲಿಸುವ ವಿಧಾನ. ಹೆಪಾರಿನ್‌ನ ಗ್ಲುಕೋಸಮೈನ್‌ಗಳಲ್ಲಿ ಹೆಚ್ಚಿನವುಗಳ ಸಾರಜನಕದ ಮೇಲೆ ಸಲ್ಫೇಟ್ ಇದ್ದರೂ ಒಂದಷ್ಟರ ಮೇಲೆ ಅಸಿಟೈಲ್ ಗುಂಪು ಉಳಿದಿರುತ್ತದೆ, ಮತ್ತು ಅದರ ಮಿಥೈಲ್ ಹೈಡ್ರೋಜನ್‌ಗಳು ರೋಹಿತದಲ್ಲಿ 2.05 ಪಿಪಿಎಂ (ಅದರಲ್ಲಿ ಜಾಗ ಗುರುತಿಸುವ ಅಳತೆ) ಜಾಗದಲ್ಲಿ ಒಂದು ಚೂಪಾದ ಶಿಖರವಾಗಿ ಕಾಣುತ್ತವೆ. ಶುದ್ಧ ಹೆಪಾರಿನ್‌ನಲ್ಲಿ ಆ ನೆರೆಯಲ್ಲಿ ಮತ್ತೇನೂ ಇರಬಾರದು. ತೊಂದರೆಯ ಬ್ಯಾಚ್‌ಗಳಲ್ಲಾದರೋ ಅದರ ಪಕ್ಕದಲ್ಲೇ 2.08ರ ಬಳಿ ಒಂದು ಗುಬಟು, ಅದರಿಂದ ಸ್ವಲ್ಪ ಆಚೆ 2.16ರ ಬಳಿ ಬೇರೆಯೇ ಆಗಿ ನಿಂತ ಒಂದು ಶಿಖರ ಕಂಡವು.

2.08ರ ಗುಬಟು ಪರಿಚಿತವಾದದ್ದು. ಅದು ಡರ್ಮಟಾನ್ ಸಲ್ಫೇಟ್, ಕರುಳಿನ ಲೋಳೆಯಲ್ಲಿ ಸಹಜವಾಗಿಯೇ ಇರುವ ಸಕ್ಕರೆ ಸರಪಳಿ. ಶುದ್ಧೀಕರಣ ಸಾಕಷ್ಟು ಆಗದಿದ್ದರೆ ಉಳಿದುಕೊಳ್ಳುತ್ತದೆ. ಆದ್ದರಿಂದ ಅದು ಅಜಾಗರೂಕತೆಯ ಗುರುತೇ ಹೊರತು ಮೋಸದ ಗುರುತಲ್ಲ. 2.16ರ ಶಿಖರಕ್ಕೆ ಅಂಥ ಸಹಜ ಒಡೆಯನಿರಲಿಲ್ಲ. ಹೆಪಾರಿನ್ ಅನ್ನು ಕಿಣ್ವಗಳಿಂದ ಪೂರ್ತಿ ತುಂಡರಿಸಿದ ಮೇಲೂ ಆ ಅಣು ತುಂಡಾಗದೆ ಉಳಿಯಿತು. ಬೇರ್ಪಡಿಸಿ ಹೆಚ್ಚಿನ ಎನ್‌ಎಂಆರ್ ಪ್ರಯೋಗಗಳಿಗೆ ಒಡ್ಡಿದಾಗ ಅದರ ಸಕ್ಕರೆ ಗ್ಲುಕೋಸಮೈನ್ ಅಲ್ಲ, ಗ್ಯಾಲಕ್ಟೋಸಮೈನ್ ಎಂದು ತಿಳಿಯಿತು. ಇವೆರಡಕ್ಕೂ ಇರುವ ವ್ಯತ್ಯಾಸ ಇಷ್ಟೇ: ನಾಲ್ಕನೆಯ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಗುಂಪು ಒಂದರಲ್ಲಿ ಒಂದು ದಿಕ್ಕಿಗೆ, ಇನ್ನೊಂದರಲ್ಲಿ ಅದರ ವಿರುದ್ಧ ದಿಕ್ಕಿಗೆ ಚಾಚಿಕೊಂಡಿರುತ್ತದೆ. ತೂಕ ಒಂದೇ, ಪರಮಾಣುಗಳ ಲೆಕ್ಕವೂ ಒಂದೇ.

ಗ್ಯಾಲಕ್ಟೋಸಮೈನ್ ಮತ್ತು ಗ್ಲುಕ್ಯುರಾನಿಕ್ ಆಮ್ಲದ ಸರಪಳಿ ಎಂದರೆ ಕಾಂಡ್ರಾಯ್ಟಿನ್ ಸಲ್ಫೇಟ್. ಪ್ರಾಣಿಗಳ ಮೃದ್ವಸ್ಥಿಯಿಂದ ಧಾರಾಳವಾಗಿ ಸಿಗುವ, ಮೊಣಕಾಲು ನೋವಿನ ಮಾತ್ರೆಗಳಲ್ಲಿ ಮಾರಾಟವಾಗುವ ಅಗ್ಗದ ವಸ್ತು ಅದು. ಆದರೆ ಸಹಜ ಕಾಂಡ್ರಾಯ್ಟಿನ್‌ನಲ್ಲಿ ಪ್ರತಿ ಸಕ್ಕರೆ ಜೋಡಿಗೆ ಸರಾಸರಿ ಒಂದು ಸಲ್ಫೇಟ್ ಇರುತ್ತದೆ, ಹೆಪಾರಿನ್‌ನಲ್ಲಿ ಎರಡೂವರೆಯ ಆಸುಪಾಸು ಇರುತ್ತದೆ; ಸೀಸೆಯಲ್ಲಿ ಸಿಕ್ಕ ಅಣುವಿನಲ್ಲಿ ನಾಲ್ಕಿದ್ದವು, ಅಂದರೆ ಸಲ್ಫೇಟ್ ಕೂರಬಹುದಾದ ಪ್ರತಿಯೊಂದು ಜಾಗವೂ ತುಂಬಿತ್ತು. ಇಂಥ ಸರಪಳಿಯನ್ನು ಹಂದಿಯಾಗಲಿ ಬೇರೆ ಪ್ರಾಣಿಯಾಗಲಿ ತಯಾರಿಸುವುದಿಲ್ಲ. ಪ್ರಯೋಗಾಲಯದಲ್ಲಿ ಕಾಂಡ್ರಾಯ್ಟಿನ್‌ಗೆ ಸಲ್ಫೇಟ್ ಸೇರಿಸಿ ಮಾದರಿ ಅಣುವನ್ನು ತಯಾರಿಸಿ ಹೋಲಿಸಿದಾಗ ಎರಡರ ರೋಹಿತಗಳೂ ತಾಳೆಯಾದವು. ಹೆಸರು ಅತಿಸಲ್ಫೇಟಿತ ಕಾಂಡ್ರಾಯ್ಟಿನ್ ಸಲ್ಫೇಟ್, ಸಂಕ್ಷಿಪ್ತವಾಗಿ ಓಎಸ್‌ಸಿಎಸ್. ಮಾರ್ಚ್ 19ರಂದು ಎಫ್‌ಡಿಎ ಈ ಗುರುತನ್ನು ಪ್ರಕಟಿಸಿತು. ಕೆಲವು ಮಾದರಿಗಳಲ್ಲಿ ಅದರ ಪ್ರಮಾಣ ನೂರಕ್ಕೆ ಎರಡರಷ್ಟಿದ್ದರೆ, ಕೆಲವದರಲ್ಲಿ ಅರ್ಧಕ್ಕೆ ಅರ್ಧ ಅದೇ ಇತ್ತು.

ಈ ಅಣುವಿನ ಆಯ್ಕೆಯಲ್ಲಿ ರಸಾಯನಶಾಸ್ತ್ರ ಬಲ್ಲವರ ಕೈ ಇದ್ದಂತೆ ತೋರುತ್ತದೆ. ಸಹಜ ಕಾಂಡ್ರಾಯ್ಟಿನ್ ಬೆರೆಸಿದ್ದರೆ ಕುರಿಯ ಪ್ಲಾಸ್ಮಾ ಅದನ್ನು ಹಿಡಿದುಬಿಡುತ್ತಿತ್ತು, ಏಕೆಂದರೆ ಅದಕ್ಕೆ ಹೆಪ್ಪು ತಡೆಯುವ ಶಕ್ತಿ ಇಲ್ಲ. ಸಲ್ಫೇಟ್ ತುಂಬಿದ ಮೇಲೆ ಅದಕ್ಕೆ ಅಂಥ ಶಕ್ತಿ ಸ್ವಲ್ಪ ಮಟ್ಟಿಗೆ ಬರುತ್ತದೆ. ಆದರೆ ಅದು ಆಂಟಿಥ್ರಾಂಬಿನ್‌ನ ದಾರಿಯಲ್ಲಲ್ಲ, ಹೆಚ್ಚಾಗಿ ಹೆಪಾರಿನ್ ಕೋಫ್ಯಾಕ್ಟರ್ 2 ಎಂಬ ಬೇರೊಂದು ಪ್ರೋಟೀನಿನ ಮೂಲಕ. ಐದು ಸಕ್ಕರೆಗಳ ಆ ವಿಶಿಷ್ಟ ಜೋಡಣೆ ಅದರಲ್ಲಿ ಇಲ್ಲದ್ದರಿಂದ ಫ್ಯಾಕ್ಟರ್ 10ಎ ಅನ್ನು ಅದು ಹೆಪಾರಿನ್‌ನಂತೆ ತಡೆಯಲಾರದು. ನಳಿಕೆಯಲ್ಲಿ ಹೆಪ್ಪು ಕಟ್ಟಿತೇ ಇಲ್ಲವೇ ಎಂದಷ್ಟೇ ನೋಡುವ ಪರೀಕ್ಷೆಗೆ ಈ ಭೇದ ಕಾಣುವಂತಿರಲಿಲ್ಲ. ಬೆಲೆಯ ಅಂತರವಂತೂ ಅಗಾಧ. ಹೆಪಾರಿನ್‌ಗೆ ಹೋಲಿಸಿದರೆ ನೂರರಲ್ಲಿ ಒಂದು ಪಾಲೆಂದು ಆಗಿನ ಪತ್ರಿಕೆಗಳು ಬರೆದವು. ಅದೇ 2008ರಲ್ಲಿ ಚೀನಾದ ಹಾಲಿನಪುಡಿಯಲ್ಲಿ ಮೆಲಮೈನ್ ಸಿಕ್ಕಿದ್ದನ್ನು ಇಲ್ಲಿ ನೆನೆಯಬೇಕು. ಪ್ರೋಟೀನನ್ನು ಸಾರಜನಕದ ಪ್ರಮಾಣದಿಂದ ಅಂದಾಜಿಸುವ ಪರೀಕ್ಷೆಗೆ ಸಾರಜನಕ ತುಂಬಿದ ಮೆಲಮೈನ್ ಹೇಗೆ ಒಪ್ಪಿತೋ, ಹೆಪ್ಪಿನ ಪರೀಕ್ಷೆಗೆ ಓಎಸ್‌ಸಿಎಸ್ ಹಾಗೆಯೇ ಒಪ್ಪಿತು.

ರಕ್ತದೊತ್ತಡ ಕುಸಿದದ್ದು ಹೇಗೆ

ಕಲಬೆರಕೆ ಪತ್ತೆಯಾದದ್ದರಿಂದಲೇ ರೋಗಿಗಳ ಪ್ರತಿಕ್ರಿಯೆಗೆ ಅದೇ ಕಾರಣವೆಂದು ಸಿದ್ಧವಾಗುವುದಿಲ್ಲ. ಆ ಕೊಂಡಿಯನ್ನು ಬೆಸೆದ ಅಧ್ಯಯನ ಏಪ್ರಿಲ್ 23ರಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿಯೂ, ಅಣುವಿನ ರಚನೆಯ ವಿವರ ಅದೇ ದಿನ ನೇಚರ್ ಬಯೋಟೆಕ್ನಾಲಜಿಯಲ್ಲಿಯೂ ಪ್ರಕಟವಾದವು. ಓಎಸ್‌ಸಿಎಸ್‌ನ ಮೈತುಂಬ ಇರುವ ಋಣ ವಿದ್ಯುದಂಶ ರಕ್ತದ ಫ್ಯಾಕ್ಟರ್ 12 ಅನ್ನು ಎಬ್ಬಿಸುತ್ತದೆ. ಅದು ಕ್ಯಾಲಿಕ್ರೀನ್ ಕಿಣ್ವವನ್ನು ಹುಟ್ಟಿಸುತ್ತದೆ. ಕ್ಯಾಲಿಕ್ರೀನ್ ಬ್ರಾಡಿಕೈನಿನ್ ಎಂಬ ಚಿಕ್ಕ ಪೆಪ್ಟೈಡನ್ನು ಬಿಡಿಸುತ್ತದೆ. ಬ್ರಾಡಿಕೈನಿನ್ ರಕ್ತನಾಳಗಳನ್ನು ಸಡಿಲಿಸಿ ಅವುಗಳ ಗೋಡೆಯಿಂದ ದ್ರವ ಒಸರುವಂತೆ ಮಾಡುವುದರಿಂದ ರಕ್ತದೊತ್ತಡ ಇಳಿಯುತ್ತದೆ, ಮುಖ ಊದುತ್ತದೆ. ಇದರ ಜೊತೆಗೆ ರೋಗನಿರೋಧಕ ವ್ಯವಸ್ಥೆಯ ಸಿ3ಎ ಮತ್ತು ಸಿ5ಎ ಎಂಬ ಉದ್ರೇಕಕಾರಿ ತುಣುಕುಗಳೂ ಉತ್ಪತ್ತಿಯಾಗುತ್ತವೆ. ಆದ್ದರಿಂದ ವೈದ್ಯರ ಕಣ್ಣಿಗೆ ಅಲರ್ಜಿಯಂತೆ ತೋರಿದ್ದರೂ ಇದು ಹಿಂದಿನ ಸಂಪರ್ಕದಿಂದ ದೇಹ ಕಲಿತ ಅಲರ್ಜಿಯಲ್ಲ; ಮೊದಲ ಸಲ ಹೆಪಾರಿನ್ ಪಡೆದವರಿಗೂ ಆಗಬಲ್ಲದು, ಒಮ್ಮೆಗೇ ಹೆಚ್ಚು ಪ್ರಮಾಣ ರಕ್ತಕ್ಕೆ ಸೇರಿದಾಗ ತೀವ್ರವಾಗಬಲ್ಲದು. ಡಯಾಲಿಸಿಸ್ ರೋಗಿಗಳೇ ಮೊದಲು ಗಮನಕ್ಕೆ ಬಂದದ್ದು ಇದಕ್ಕೆ ಹೊಂದಿಕೊಳ್ಳುತ್ತದೆ.

ಹಲವು ಪ್ರಾಣಿಗಳ ಪ್ಲಾಸ್ಮಾವನ್ನು ಪರೀಕ್ಷಿಸಿದಾಗ ಮನುಷ್ಯನಂತೆಯೇ ಓಎಸ್‌ಸಿಎಸ್‌ಗೆ ಸ್ಪಂದಿಸಿದ್ದು ಹಂದಿ. ಹಂದಿಗಳಿಗೆ ಕಲಬೆರಕೆಯ ಹೆಪಾರಿನ್ ಕೊಟ್ಟಾಗಲೂ, ಪ್ರಯೋಗಾಲಯದಲ್ಲಿ ತಯಾರಿಸಿದ ಶುದ್ಧ ಓಎಸ್‌ಸಿಎಸ್ ಕೊಟ್ಟಾಗಲೂ ಕ್ಯಾಲಿಕ್ರೀನ್ ಏರಿ ರಕ್ತದೊತ್ತಡ ಇಳಿಯಿತು. ಸಿಡಿಸಿಯ ಲೆಕ್ಕವೂ ಇದನ್ನೇ ಬೆಂಬಲಿಸಿತು: ಯಾವ ಬ್ಯಾಚ್ ಕೊಡಲಾಗಿತ್ತೆಂದು ಖಚಿತವಾಗಿ ತಿಳಿದಿದ್ದ 54 ಪ್ರತಿಕ್ರಿಯೆಗಳಲ್ಲಿ 52 ಓಎಸ್‌ಸಿಎಸ್ ಇದ್ದ ಹೆಪಾರಿನ್‌ನ ನಂತರವೇ ಸಂಭವಿಸಿದ್ದವು. ಸಾವುಗಳ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡಲಾಗದು. ಎಫ್‌ಡಿಎಗೆ ಆ ಏಪ್ರಿಲ್‌ವರೆಗೆ ಬಂದ ವರದಿಗಳಲ್ಲಿ 81 ಸಾವುಗಳಿದ್ದವು, ಆದರೆ ಅವರಲ್ಲಿ ಅನೇಕರು ಮೊದಲೇ ತೀವ್ರ ಕಾಯಿಲೆಯಿಂದ ಬಳಲುತ್ತಿದ್ದವರಾದ್ದರಿಂದ ಪ್ರತಿಯೊಂದಕ್ಕೂ ಕಲಬೆರಕೆಯನ್ನೇ ಹೊಣೆಮಾಡುವುದು ಸಾಧ್ಯವಾಗಲಿಲ್ಲ.

ನಂತರದ ಬದಲಾವಣೆಗಳು

ಕಲಬೆರಕೆಯ ಹೆಪಾರಿನ್ ಅಮೆರಿಕವೂ ಸೇರಿ 11 ದೇಶಗಳಲ್ಲಿ ಪತ್ತೆಯಾಯಿತು. ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕಂಪನಿಗಳ ಮುಖ್ಯಸ್ಥರೇ ಇದು ಉದ್ದೇಶಪೂರ್ವಕವಾದ ಕೃತ್ಯದಂತೆ ತೋರುತ್ತದೆಂದು ಹೇಳಿದರು. ಚೀನಾದ ಅಧಿಕಾರಿಗಳು ಓಎಸ್‌ಸಿಎಸ್ ಇದ್ದುದನ್ನು ಒಪ್ಪಿದರೂ ಅದೇ ಪ್ರತಿಕ್ರಿಯೆಗಳಿಗೆ ಕಾರಣವೆಂಬುದನ್ನು ಒಪ್ಪಲಿಲ್ಲ. ಬೆರೆಸಿದವರು ಯಾರೆಂದು ಸಾಬೀತಾಗಿ ಶಿಕ್ಷೆಯಾಗುವ ಹಂತಕ್ಕೆ ಪ್ರಕರಣ ಹೋಗಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಎಫ್‌ಡಿಎ ಚೀನಾದಲ್ಲಿ ಕಚೇರಿಗಳನ್ನು ತೆರೆಯಿತು, ಮುಂದಿನ ವರ್ಷ ದೆಹಲಿಯಲ್ಲೂ ತೆರೆಯಿತು.

ಗಟ್ಟಿಯಾದ ಬದಲಾವಣೆ ಆದದ್ದು ಔಷಧಕೋಶದಲ್ಲಿ. 2008ರ ಜೂನ್‌ನಲ್ಲೇ ಎನ್‌ಎಂಆರ್ ಮತ್ತು ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್ (ಸಪೂರ ಕೊಳವೆಯಲ್ಲಿ ವಿದ್ಯುತ್ತಿನಿಂದ ಅಣುಗಳನ್ನು ಬೇರ್ಪಡಿಸುವ ವಿಧಾನ) ಪರೀಕ್ಷೆಗಳನ್ನು ಸೇರಿಸಲಾಯಿತು. 2009ರ ಅಕ್ಟೋಬರ್ 1ರಿಂದ ಕುರಿಯ ಪ್ಲಾಸ್ಮಾ ಪೂರ್ತಿ ಬದಿಗೆ ಸರಿದು, ಫ್ಯಾಕ್ಟರ್ 10ಎ ಮತ್ತು ಥ್ರಾಂಬಿನ್ ಎರಡನ್ನೂ ಪ್ರತ್ಯೇಕವಾಗಿ ತಡೆಯುವ ಶಕ್ತಿಯನ್ನು ಬಣ್ಣದ ಬದಲಾವಣೆಯಿಂದ ಅಳೆಯುವ ಪರೀಕ್ಷೆ ಬಂತು. ಆ ಎರಡರ ಅನುಪಾತ 0.9ರಿಂದ 1.1ರೊಳಗೆ ಇರಬೇಕು. ಓಎಸ್‌ಸಿಎಸ್ ಬೆರೆತರೆ 10ಎ ಕಡೆಯ ಅಂಕಿ ಕುಸಿಯುತ್ತದೆ. ಒಟ್ಟು ಅಮೈನೋ ಸಕ್ಕರೆಯಲ್ಲಿ ಗ್ಯಾಲಕ್ಟೋಸಮೈನ್ ನೂರಕ್ಕೆ ಒಂದನ್ನು ಮೀರಬಾರದೆಂಬ ಮಿತಿಯೂ ಸೇರಿತು. ಓಎಸ್‌ಸಿಎಸ್ ಒಂದನ್ನೇ ಅಲ್ಲದೆ, ನಾಳೆ ಯಾರಾದರೂ ಅದೇ ಕುಟುಂಬದ ಇನ್ನೊಂದು ಅಣುವನ್ನು ತಂದರೂ ಹಿಡಿಯಬಲ್ಲ ನಿಯಮವಾದ್ದರಿಂದ ಇದನ್ನು ನಾನು ಎಲ್ಲದರಲ್ಲಿ ಜಾಣತನದ್ದೆಂದು ಭಾವಿಸುತ್ತೇನೆ. ಹೊಸ ಅಳತೆಗೋಲಿನಿಂದ ಅಮೆರಿಕದ ಯೂನಿಟ್ ಹಿಂದಿನದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ದುರ್ಬಲವಾಯಿತು, ಮತ್ತು ಹೃದಯ ಶಸ್ತ್ರಚಿಕಿತ್ಸೆಯಂಥ ಕಡೆ ವೈದ್ಯರು ಇದನ್ನು ಗಮನದಲ್ಲಿಟ್ಟು ಪ್ರಮಾಣ ನಿರ್ಧರಿಸಬೇಕೆಂದು ಎಫ್‌ಡಿಎ ಎಚ್ಚರಿಸಬೇಕಾಯಿತು. 2013ರ ಮಾರ್ಗಸೂಚಿ ಪರೀಕ್ಷೆಯನ್ನು ಇನ್ನೂ ಹಿಂದಕ್ಕೆ, ಕಚ್ಚಾ ಪುಡಿಯ ಹಂತಕ್ಕೇ ಒಯ್ದು, ಅಲ್ಲಿ ಓಎಸ್‌ಸಿಎಸ್ ಜೊತೆಗೆ ದನ, ಕುರಿಗಳಂಥ ಮೆಲುಕು ಹಾಕುವ ಪ್ರಾಣಿಗಳ ಅಂಶವನ್ನೂ ಹುಡುಕಬೇಕೆಂದು ಹೇಳಿತು.

ಹಂದಿಯನ್ನೇ ಬಿಟ್ಟುಬಿಡುವ ದಾರಿಯನ್ನು ರಸಾಯನಶಾಸ್ತ್ರಜ್ಞರು ಅದಕ್ಕೂ ಮೊದಲಿನಿಂದ ಹುಡುಕುತ್ತಿದ್ದಾರೆ. ಐದು ಸಕ್ಕರೆಗಳ ಆ ಜೋಡಣೆಯನ್ನು 1980ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಪೂರ್ತಿ ಸಂಶ್ಲೇಷಿಸಲಾಯಿತು. ಅದರಿಂದ ಬೆಳೆದು ಬಂದ ಫಾಂಡಾಪ್ಯಾರಿನಕ್ಸ್ 2001ರಿಂದ ಔಷಧವಾಗಿ ಬಳಕೆಯಲ್ಲಿದೆ. ಅದನ್ನು ಶುದ್ಧ ರಾಸಾಯನಿಕ ದಾರಿಯಲ್ಲಿ ಕಟ್ಟಲು ಐವತ್ತರಷ್ಟು ಹಂತಗಳು ಬೇಕು. 2011ರಲ್ಲಿ ಲಿನ್‌ಹಾರ್ಟ್ ಮತ್ತು ಉತ್ತರ ಕೆರೊಲಿನಾದ ಜಿಯಾನ್ ಲಿಯು ಅವರ ತಂಡಗಳು, ಜೀವಕೋಶಗಳು ಬಳಸುವ ಕಿಣ್ವಗಳನ್ನೇ ನಳಿಕೆಯಲ್ಲಿ ಬಳಸಿ, ಅಂಥದ್ದೇ ಚಿಕ್ಕ ಸರಪಳಿಗಳನ್ನು 10ರಿಂದ 12 ಹಂತಗಳಲ್ಲಿ ತಯಾರಿಸಿ ತೋರಿಸಿದವು. ಆದರೆ ಫಾಂಡಾಪ್ಯಾರಿನಕ್ಸ್‌ನಂಥ ಚಿಕ್ಕ ಅಣು ಫ್ಯಾಕ್ಟರ್ 10ಎ ಅನ್ನು ಮಾತ್ರ ತಡೆಯುತ್ತದೆ, ಮತ್ತು ಅದರ ಪರಿಣಾಮವನ್ನು, ಹೆಪಾರಿನ್‌ಗೆ ಪ್ರತಿಮದ್ದಾದ ಪ್ರೋಟಮೈನ್ ಕೊಟ್ಟು ಅಳಿಸಲಾಗುವುದಿಲ್ಲ. ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಹೆಪ್ಪುಗಟ್ಟುವ ಶಕ್ತಿಯನ್ನು ರಕ್ತಕ್ಕೆ ಮರಳಿಸಬೇಕಾದ ವೈದ್ಯರಿಗೆ ಉದ್ದ ಸರಪಳಿಯ ಹಳೆಯ ಹೆಪಾರಿನ್ನೇ ಬೇಕು. 2018 ಮತ್ತು 2019ರಲ್ಲಿ ಆಫ್ರಿಕನ್ ಹಂದಿಜ್ವರ ಚೀನಾದ ಹಂದಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದಾಗ ಪೂರೈಕೆಯ ಆತಂಕ ಮತ್ತೆ ತಲೆದೋರಿತು, ಮತ್ತು ಬ್ರೆಜಿಲ್, ಅರ್ಜೆಂಟೀನಾಗಳಲ್ಲಿ ಬಳಕೆಯಲ್ಲೇ ಉಳಿದಿದ್ದ ದನದ ಹೆಪಾರಿನ್ ಅನ್ನು ಮರಳಿ ತರುವ ಪ್ರಯತ್ನಗಳಿಗೆ ಎಫ್‌ಡಿಎ ಉತ್ತೇಜನ ಕೊಡುತ್ತ ಬಂದಿದೆ. ದನದ ಕರುಳಿನ ಹೆಪಾರಿನ್‌ನ ಸಲ್ಫೇಟ್ ಜೋಡಣೆ ಹಂದಿಯದಕ್ಕಿಂತ ಭಿನ್ನ, ಮಿಲಿಗ್ರಾಮಿಗೆ ಅದರ ಶಕ್ತಿ ಕಡಿಮೆ. ಆದ್ದರಿಂದ 2009ರಲ್ಲಿ ಹಂದಿಯ ಹೆಪಾರಿನ್‌ಗೆಂದು ಗೀಚಿದ ಮಿತಿಗಳನ್ನು ಅದಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಅದರ ಎನ್‌ಎಂಆರ್ ರೋಹಿತಕ್ಕೂ ಯೂನಿಟ್‌ಗೂ ಪ್ರತ್ಯೇಕ ಮಾನದಂಡ ಬರೆಯಬೇಕಾಗುತ್ತದೆ.